ಮುಪ್ಪಿಗೆ ಸೆಡ್ಡು ಹೊಡೆದ ಹಿರಿಯರು

ಶಿವರಾತ್ರಿ ಕಳೆದು ಫಾಲ್ಗುಣದ ಬಿಸಿಲು ಏರತೊಡಗಿದಂತೆ ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಮಲ್ಲಯ್ಯನ ಭಕ್ತರ ಸಾಲು ಕಾಣಿಸಿಕೊಳ್ಳುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದವರೊಡನೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯವರೂ ಕೂಡಿಕೊಂಡು ಯುಗಾದಿಯೊಳಗೆ ಶ್ರೀಶೈಲವನ್ನು ಸೇರುವ ನಿಶ್ಚಯದಿಂದ ನಡೆಯುತ್ತಾರೆ. ನಮ್ಮ ಸೀಮೆಯವರಿಗೇ ಇದು ಇನ್ನೂರು ಕಿಲೊಮೀಟರಿಗೂ ಮಿಕ್ಕ ದಾರಿ. ಮೇಲಿನ ಜಿಲ್ಲೆಗಳವರಿಗೆ ಅದರ ಎರಡರಷ್ಟು. ಕೊನೆಯಲ್ಲಿ ನಲ್ಲಮಲದ ಕಾಡು, ಭೀಮನ ಕೊಳ್ಳದ ಇಳಿತ, ಆಮೇಲೆ ಉಸಿರು ಕಟ್ಟಿಸುವ ಏರು. ಭ್ರಮರಾಂಬೆಯನ್ನು ಮನೆಯ ಮಗಳೆಂದೇ ತಿಳಿದ ಈ ಜನ ಅವಳಿಗೆ ಸೀರೆ, ಕುಪ್ಪಸ ಕಟ್ಟಿಕೊಂಡು ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ಈ ಸಾಲಿನಲ್ಲಿ ಹದಿಹರೆಯದ ಹುಡುಗರಿರುವಂತೆಯೇ ಅರವತ್ತು, ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರೂ ಇರುತ್ತಾರೆ. ಮೊದಲ ದಿನ ಜಿಗಿದು ಮುಂದೆ ಹೋದ ಹುಡುಗ ಮೂರನೆಯ ದಿನ ಬೊಕ್ಕೆಯೆದ್ದ ಪಾದ ಹಿಡಿದು ದಾಸೋಹದ ಪೆಂಡಾಲಿನಲ್ಲಿ ಕುಳಿತಿದ್ದರೆ, ಅಜ್ಜಿ ಒಂದೇ ಹದದ ಹೆಜ್ಜೆಯಲ್ಲಿ ಅವನನ್ನು ದಾಟಿ ಹೋಗುವ ನೋಟ ದಾರಿಯ ಊರುಗಳವರಿಗೆ ಹೊಸದೇನಲ್ಲ.

ಇವರಾರೂ ತಮ್ಮನ್ನು ಕ್ರೀಡಾಪಟುಗಳೆಂದು ಕರೆದುಕೊಳ್ಳುವುದಿಲ್ಲ. ಆ ಪದ ಅವರಿಗೆ ನಗು ತರಿಸೀತು. ಆದರೆ ದಿನಕ್ಕೆ ಮೂವತ್ತು ಕಿಲೊಮೀಟರಿನಂತೆ ವಾರಗಟ್ಟಲೆ ನಡೆಯುವ ದೇಹವನ್ನು ಬೇರೆ ಯಾವ ಹೆಸರಿನಿಂದ ಕರೆಯೋಣ?

ಸೋಜಿಗದ ಸಂಗತಿ ಮುಂದಿದೆ. ಇದೇ ಅಜ್ಜ ಯುಗಾದಿ ಮುಗಿಸಿ ಊರಿಗೆ ಮರಳಿದ ಮರುದಿನ ಕೊಟ್ಟಿಗೆಯ ಕಸ ಬಳಿಯಲು ಹೋದರೆ ಮಗ ಓಡಿ ಬಂದು ಕೈಯಲ್ಲಿದ್ದ ಬುಟ್ಟಿ ಕಸಿಯುತ್ತಾನೆ. “ಯಪ್ಪಾ, ನೀ ಸುಮ್ಮನ ಕುಂದ್ರು. ನೋಡಿದವರು ಏನಂದಾರು?” ಅತ್ತೆ ಕೊಡ ಎತ್ತಿದರೆ ಸೊಸೆಗೆ ಅಳುಕು, “ವಯಸ್ಸಾದಾಕಿ ಕೈಲೆ ದುಡಿಸ್ತಾಳ” ಎಂಬ ಮಾತು ಓಣಿಯಲ್ಲಿ ಹುಟ್ಟೀತೆಂದು. ಹೀಗೆ ಪ್ರೀತಿಯಿಂದಲೂ ಮರ್ಯಾದೆಯ ಭಯದಿಂದಲೂ ನಾವು ನಮ್ಮ ಹಿರಿಯರನ್ನು ಕುರ್ಚಿಯ ಮೇಲೆ ಕುಳ್ಳಿರಿಸುತ್ತೇವೆ. ಕುಳ್ಳಿರಿಸಿದ ಎರಡು ಮೂರು ವರ್ಷಗಳಲ್ಲಿ ಅವರು ಏಳಲಾರದವರಾಗುತ್ತಾರೆ. ಆಗ, ‘ವಯಸ್ಸಾಯಿತು, ಏನು ಮಾಡೋಣ’ ಎಂದು ನಿಟ್ಟುಸಿರು ಬಿಡುತ್ತೇವೆ. ಆ ಏಳಲಾರದ ಸ್ಥಿತಿಯಲ್ಲಿ ವಯಸ್ಸಿನ ಪಾಲೆಷ್ಟು, ಕುರ್ಚಿಯ ಪಾಲೆಷ್ಟು ಎಂಬುದನ್ನು ಕೇಳುವವರು ವಿರಳ.

ಸಂತೆಕಲ್ಲೂರಿನವರು ಈ ಪ್ರಶ್ನೆಯನ್ನು ಕೇಳಲು ವಿಶೇಷ ಅಧಿಕಾರವುಳ್ಳವರು. ಏಕೆಂದರೆ ಇದು ಘನಮಠದ ನಾಗಭೂಷಣ ಶಿವಯೋಗಿಗಳ ನೆಲ. ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದು ಒಕ್ಕಲುತನದ ಮೈದುಡಿಮೆಯನ್ನು ಬರವಣಿಗೆಗೆ ಯೋಗ್ಯವಾದ ವಿಷಯವೆಂದು ಭಾವಿಸಿದ ಶಿವಯೋಗಿ ಅವರು. ಒಂದು ತಲೆಮಾರಿನ ಹಿಂದೆ ಈ ಸೀಮೆಯ ಹಿರಿಯರಿಗೆ ವ್ಯಾಯಾಮವೆಂಬುದು ಬೇರೆಯಾಗಿ ಬೇಕಿರಲಿಲ್ಲ. ಬಾವಿಯಿಂದ ನೀರು ಸೇದುವುದು, ಬೀಸುವುದು, ಕುಟ್ಟುವುದು, ಜೋಳ ತೊಗರಿಯ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವುದು, ಹೊಲಕ್ಕೆ ಹೋಗಿ ಬರುವ ದಾರಿ, ಇವೇ ಅವರ ಗರಡಿ. ಈಗ ನಲ್ಲಿ ಬಂದಿದೆ, ಗಿರಣಿ ಬಂದಿದೆ, ಟ್ರ್ಯಾಕ್ಟರ್ ಬಂದಿದೆ, ಹೊಲದ ಬದುವಿನವರೆಗೂ ಮೋಟರ್‌ಸೈಕಲ್ ಹೋಗುತ್ತದೆ. ಇವು ಬೇಡವೆಂದು ಯಾವ ವಿವೇಕಿಯೂ ಹೇಳಲಾರ. ಬೀಸುಕಲ್ಲಿನ ಮುಂದೆ ಬೆಳಗಿನ ಜಾವ ಕುಳಿತ ತಾಯಂದಿರ ಕಷ್ಟವನ್ನು ಹಾಡಿ ಹೊಗಳುವುದು ಸುಲಭ, ಬೀಸುವುದು ಸುಲಭವಲ್ಲ. ಆದರೆ ಆ ದುಡಿಮೆ ದೇಹಕ್ಕೆ ಕೊಡುತ್ತಿದ್ದುದನ್ನು ಬೇರೆ ಯಾವುದೋ ಒಂದು ಕೊಡಬೇಕಲ್ಲವೆ? ನಾವು ಕೊಟ್ಟದ್ದು ಪ್ಲಾಸ್ಟಿಕ್ ಕುರ್ಚಿಯನ್ನು.

ತೊಂಬತ್ತರ ನಂತರ ಓಟ

ಈ ಕುರ್ಚಿಯನ್ನು ಒದ್ದು ಎದ್ದವರ ಕಥೆಗಳು ಕಳೆದ ಕೆಲವು ದಶಕಗಳಲ್ಲಿ ಲೋಕದ ನಾನಾ ಕಡೆಗಳಿಂದ ಕೇಳಿ ಬಂದಿವೆ. ಅವುಗಳಲ್ಲಿ ನಮ್ಮ ಕುಟುಂಬಗಳಿಗೆ ಹತ್ತಿರವಾದದ್ದು ಪಂಜಾಬಿನ ಮಾನ್ ಕೌರ್ ಅವರದು. 1916ರಲ್ಲಿ ಹುಟ್ಟಿದ ಈ ತಾಯಿ ಓಟದ ಮೈದಾನಕ್ಕೆ ಮೊದಲು ಕಾಲಿಟ್ಟದ್ದು ತಮ್ಮ 93ನೆಯ ವಯಸ್ಸಿನಲ್ಲಿ. ಕರೆದೊಯ್ದವರು ಮಗ ಗುರುದೇವ್ ಸಿಂಗ್. ಅವರೂ ಹಿರಿಯರ ಸ್ಪರ್ಧೆಗಳಲ್ಲಿ ಓಡುವವರೇ. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ 101 ವರ್ಷದ ಮಾನ್ ಕೌರ್ 100 ಮೀಟರನ್ನು 74 ಸೆಕೆಂಡುಗಳಲ್ಲಿ ಮುಗಿಸಿದರು. ಆ ವಯೋವರ್ಗದಲ್ಲಿ ಅವರೊಬ್ಬರೇ ಸ್ಪರ್ಧಿ. ‘ಎದುರಾಳಿಯೇ ಇಲ್ಲದ ಓಟದಲ್ಲಿ ಗೆದ್ದರೆ ಏನು ದೊಡ್ಡದು?’ ಎಂದು ಕೆಲವರು ಮೂಗು ಮುರಿದರಂತೆ. ಎದುರಾಳಿಗಳು ಏಕೆ ಇರಲಿಲ್ಲವೆಂಬುದೇ ಅದಕ್ಕೆ ಉತ್ತರ. ಅವರು 2021ರ ಜುಲೈ 31ರಂದು, 105ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹರಿಯಾಣದ ಭಗವಾನಿ ದೇವಿಯವರದೂ ಇಂಥದೇ ಕಥೆ. 2022ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ನಡೆದ ಹಿರಿಯರ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 94 ವರ್ಷದ ಅವರು 100 ಮೀಟರನ್ನು 24.74 ಸೆಕೆಂಡುಗಳಲ್ಲಿ ಓಡಿ ಚಿನ್ನ ಪಡೆದರು. ಗುಂಡು ಎಸೆತದಲ್ಲಿ ಕಂಚನ್ನೂ ತಂದರು. ಇವರನ್ನು ಮೈದಾನಕ್ಕೆ ಎಳೆದು ತಂದವರು ಮೊಮ್ಮಗ ವಿಕಾಸ್ ಡಾಗರ್, ಸ್ವತಃ ಪ್ಯಾರಾ ಅಥ್ಲೀಟ್. ಗಮನಿಸಿ: ಒಬ್ಬರಿಗೆ ಮಗ, ಇನ್ನೊಬ್ಬರಿಗೆ ಮೊಮ್ಮಗ. ಈ ಇಬ್ಬರು ತಾಯಂದಿರ ಸಾಧನೆಯ ಹಿಂದೆ, ‘ನೀ ಕುಂದ್ರು’ ಎನ್ನದೆ ‘ಏಳು, ಹೋಗೋಣ’ ಎಂದ ಒಂದು ಮನೆ ಇದೆ. ನನಗೆ ಪದಕಕ್ಕಿಂತಲೂ ಈ ಮನೆಯೇ ಮುಖ್ಯವಾಗಿ ಕಾಣುತ್ತದೆ.

ಫೌಜಾ ಸಿಂಗ್ ಅವರ ಹೆಸರನ್ನು ಅನೇಕರು ಕೇಳಿದ್ದೀರಿ. ಪಂಜಾಬಿನ ಒಕ್ಕಲು ಮನೆತನದವರು. ಮಡದಿಯನ್ನೂ, 1994ರಲ್ಲಿ ಕಣ್ಣೆದುರೇ ಮಗನನ್ನೂ ಕಳೆದುಕೊಂಡ ಮೇಲೆ ದುಃಖದಿಂದ ಹೊರಬರುವ ದಾರಿಯಾಗಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಓಟವನ್ನು ಹಿಡಿದರು. 2011ರಲ್ಲಿ ಟೊರಾಂಟೊದಲ್ಲಿ 42 ಕಿಲೊಮೀಟರಿನ ಮ್ಯಾರಥಾನನ್ನು ಎಂಟು ಗಂಟೆ ಹನ್ನೊಂದು ನಿಮಿಷಗಳಲ್ಲಿ ಮುಗಿಸಿದಾಗ ಅವರಿಗೆ ನೂರು ವರ್ಷ. ಆದರೆ ಗಿನ್ನೆಸ್ ಸಂಸ್ಥೆ ಆ ದಾಖಲೆಯನ್ನು ಒಪ್ಪಲಿಲ್ಲ, ಅವರ ಬಳಿ ಜನನ ಪತ್ರವಿರಲಿಲ್ಲ. 1911ರ ಹಳ್ಳಿಯಲ್ಲಿ ಜನನ ಪತ್ರ ಎಲ್ಲಿಂದ ಬರಬೇಕು? ‘ರಜಾಕಾರರ ಗದ್ದಲದಾಗ ನಾನು ಇಷ್ಟೆತ್ತರ ಇದ್ದೆ’ ಎಂದು ಕೈ ಮಾಡಿ ತೋರಿಸಿ ವಯಸ್ಸು ಹೇಳುವ ಅಜ್ಜಂದಿರನ್ನು ಕಂಡ ನಮಗೆ ಈ ತೊಡಕು ಚೆನ್ನಾಗಿ ಅರ್ಥವಾಗುತ್ತದೆ. ಫೌಜಾ ಸಿಂಗ್ 2025ರ ಜುಲೈಯಲ್ಲಿ ತಮ್ಮ ಹುಟ್ಟೂರಿನ ಬಳಿ ರಸ್ತೆ ದಾಟುವಾಗ ವಾಹನ ಬಡಿದು ತೀರಿಕೊಂಡರು. ಆಗ ಅವರಿಗೆ 114. ಮುಪ್ಪು ಅವರನ್ನು ಕೊಲ್ಲಲಿಲ್ಲ, ಕಾರು ಕೊಂದಿತು.

ಕೆನಡಾದ ಎಡ್ ವಿಟ್ಲಾಕ್ ಎಂಬವರು 2004ರಲ್ಲಿ, 73ನೆಯ ವಯಸ್ಸಿನಲ್ಲಿ, ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಓಡಿದರು. ಕಾಲೇಜು ಹುಡುಗರು ನಾಚಬೇಕಾದ ವೇಗವಿದು. ಅವರು ದಿನವೂ ಅಭ್ಯಾಸ ಮಾಡುತ್ತಿದ್ದುದು ಮನೆಯ ಹತ್ತಿರದ ಸ್ಮಶಾನದಲ್ಲಿ, ಗೋರಿಗಳ ಸುತ್ತ ಗಂಟೆಗಟ್ಟಲೆ. ರುದ್ರಭೂಮಿಗೆ ದಿನವೂ ಹೋಗಿ ದಿನವೂ ಮರಳಿ ಬರುವುದು ಎಲ್ಲರಿಗೂ ದೊರೆಯುವ ಭಾಗ್ಯವಲ್ಲ!

ಇಂಥ ಕೂಟಗಳ ನಿಯಮಗಳು ನ್ಯಾಯವಾಗಿಯೇ ಇವೆ. 35 ವರ್ಷದಿಂದ ಆರಂಭವಾಗಿ ಐದೈದು ವರ್ಷಕ್ಕೊಂದು ವರ್ಗ. 80 ದಾಟಿದ ಗಂಡಸರ ಗುಂಡು ಮೂರು ಕಿಲೊ, 75 ದಾಟಿದ ಹೆಂಗಸರದು ಎರಡು ಕಿಲೊ. ಎಂಬತ್ತರವರು ಇಪ್ಪತ್ತರವರೊಡನೆ ಸ್ಪರ್ಧಿಸಬೇಕಿಲ್ಲ, ತಮ್ಮ ಓರಗೆಯವರೊಡನೆ ಸ್ಪರ್ಧಿಸಿದರಾಯಿತು. ಮುಪ್ಪೇ ಇಲ್ಲವೆಂದು ಇಲ್ಲಿ ಯಾರೂ ನಟಿಸುವುದಿಲ್ಲ. ಮುಪ್ಪಿನಲ್ಲಿಯೂ ಮಾಡಬಹುದಾದುದು ಬಹಳವಿದೆ ಎಂದು ತೋರಿಸುತ್ತಾರೆ, ಅಷ್ಟೆ.

ಕನ್ನಡ ನೆಲದ ನಿದರ್ಶನ

ಕ್ರೀಡಾಲೋಕದಲ್ಲಿ ‘ಮುದುಕ’ನಾಗಲು ಎಪ್ಪತ್ತು ಬೇಕಿಲ್ಲ. ಟೆನಿಸ್ ಆಟದಲ್ಲಿ ಮೂವತ್ತೈದಕ್ಕೇ ಆ ಬಿರುದು ಬರುತ್ತದೆ. ಕೊಡಗಿನ ರೋಹನ್ ಬೋಪಣ್ಣ ಅವರಿಗೆ ಅದು ಬಂದು ಎಷ್ಟೋ ವರ್ಷವಾಗಿತ್ತು. ಮಂಡಿಚಿಪ್ಪಿನ ಒಳಗಿನ ಮೃದ್ವಸ್ಥಿ ಸವೆದು ಹೋಗಿ, ನೋವಿನ ಮಾತ್ರೆ ನುಂಗಿ ಆಡುತ್ತಿದ್ದ ಕಾಲವನ್ನು ಅವರೇ ನೆನೆದಿದ್ದಾರೆ. 2021ರಲ್ಲಿ ಸೋಲಿನ ಮೇಲೆ ಸೋಲು ಬಂದಾಗ ಆಟ ಬಿಡುವ ಯೋಚನೆಯೂ ಬಂದಿತ್ತು. ಬಿಡಲಿಲ್ಲ. 2024ರ ಜನವರಿಯಲ್ಲಿ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಅವರೊಡನೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅದೇ ಕೂಟದ ಬಲದಿಂದ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನಕ್ಕೆ ಬಂದವರು ಅವರಿಗಿಂತ ಹಿಂದೆ ಯಾರೂ ಇರಲಿಲ್ಲ. 2025ರ ನವೆಂಬರಿನಲ್ಲಿ, 45ನೆಯ ವಯಸ್ಸಿನಲ್ಲಿ ಅವರು ಆಟಕ್ಕೆ ವಿದಾಯ ಹೇಳಿದರು.

ಸವೆದ ಮಂಡಿಗೆ ಅವರು ಕಂಡುಕೊಂಡ ಉಪಾಯಗಳಲ್ಲಿ ಮುಖ್ಯವಾದದ್ದು ಅಯ್ಯಂಗಾರ್ ಯೋಗ. ಅದರ ಮೂಲವೂ ಕನ್ನಡ ನಾಡೇ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿ, ಬದುಕಿಯಾನೆಂಬ ನಂಬಿಕೆಯೇ ಇಲ್ಲದಿದ್ದ ಹುಡುಗ. ಆ ಹುಡುಗ 95 ವರ್ಷ ಬದುಕಿದರು. ತೊಂಬತ್ತು ದಾಟಿದ ಮೇಲೂ ಶೀರ್ಷಾಸನದ ಅಭ್ಯಾಸವನ್ನು ಬಿಡಲಿಲ್ಲ. ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿ, ಊರೂರಿಗೆ ಹೋಗಿ ಯೋಗ ಮತ್ತು ವ್ಯಾಯಾಮ ಕಲಿಸಿದ ರಾಘವೇಂದ್ರ ಸ್ವಾಮೀಜಿಯವರು 1996ರಲ್ಲಿ ನಮ್ಮನ್ನಗಲಿದಾಗ ನೂರನ್ನು ದಾಟಿದ್ದರು. ನಮ್ಮ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ವಿಷಯವನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಆ ಪೂಜ್ಯರು ನೂರು ತುಂಬಿದ ಮೇಲೂ ದಿನಚರಿಯನ್ನು ಸಡಿಲಿಸಿದವರಲ್ಲ. ಹಿಂದಿನ ಗರಡಿಮನೆಗಳಲ್ಲಿಯೂ ಮುದಿ ಉಸ್ತಾದನಿಗೆ ಹೊರಗಿನ ಕಟ್ಟೆಯ ಮೇಲೆ ಸ್ಥಾನವಿರಲಿಲ್ಲ. ಅವನ ಸ್ಥಾನ ಕೆಮ್ಮಣ್ಣಿನ ಅಖಾಡದ ಒಳಗೆ.

ವಿಜ್ಞಾನ ಹೇಳುವುದೇನು?

ಇವರೆಲ್ಲ ಅಸಾಧಾರಣರು, ನಮ್ಮ ಮನೆಯ ಹಿರಿಯರಿಗೂ ಇವರಿಗೂ ಏನು ಹೋಲಿಕೆ ಎಂಬ ಆಕ್ಷೇಪ ಬರುವುದು ಸಹಜ. ಅದಕ್ಕೆ ಉತ್ತರ ಸಾಮಾನ್ಯರ ಮೇಲೆ ನಡೆದ ಪ್ರಯೋಗಗಳಲ್ಲಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿ, ಅವರ ಹೃದಯ ಮತ್ತು ಶ್ವಾಸದ ಸಾಮರ್ಥ್ಯವನ್ನು ಅಳೆದರು. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಹುಡುಕಿ ತಂದು ಮತ್ತೆ ಅಳೆದರು. ತಿಳಿದುಬಂದದ್ದು ಇದು: ಮೂವತ್ತು ವರ್ಷದ ವಯಸ್ಸು ಆ ದೇಹಗಳಿಗೆ ಮಾಡಿದ ಕೇಡಿಗಿಂತ ಮೂರು ವಾರದ ಹಾಸಿಗೆ ಮಾಡಿದ ಕೇಡು ದೊಡ್ಡದಾಗಿತ್ತು. ಆಮೇಲೆ ಆರು ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿಸಿದಾಗ, ಮೂವತ್ತು ವರ್ಷಗಳಲ್ಲಿ ಕಳೆದಿದ್ದ ಆ ಸಾಮರ್ಥ್ಯ ಮರಳಿ ಬಂದಿತು. ಜ್ವರ ಬಂದ ಅಜ್ಜನನ್ನು ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಮಲಗಿಸುವ ಮನೆಗಳು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರನ್ನು ಆರಿಸಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತವರ ಸಂಗಡಿಗರು ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವಧಿ ಪೂರ್ಣಗೊಳಿಸಿದವರ ಕಾಲಿನ ಶಕ್ತಿ ಸರಾಸರಿ 174 ಪ್ರತಿಶತ ಹೆಚ್ಚಿತು, ಎಂದರೆ ಮೊದಲಿನ ಎರಡು ಮುಕ್ಕಾಲು ಪಟ್ಟಿನಷ್ಟಾಯಿತು. ತೊಂಬತ್ತರ ಸ್ನಾಯುವೂ ಕರೆದರೆ ಓಗೊಡುತ್ತದೆ. ಆದರೆ ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಶಕ್ತಿ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿದುಹೋಯಿತೆಂಬ ಸಂಗತಿಯನ್ನೂ ಅದೇ ವರದಿ ಹೇಳುತ್ತದೆ. ಇದು ಒಮ್ಮೆ ಮಾಡಿ ಮುಗಿಸುವ ವ್ರತವಲ್ಲ.

ಇನ್ನೊಂದು ಪರೀಕ್ಷೆ ನಮ್ಮ ಆಚಾರಕ್ಕೆ ತೀರ ಹತ್ತಿರದ್ದು. ಬ್ರೆಜಿಲ್ ದೇಶದ ವೈದ್ಯರು 51ರಿಂದ 80 ವರ್ಷದ 2,002 ಜನರಿಗೆ ನೆಲದ ಮೇಲೆ ಕುಳಿತು ಏಳಲು ಹೇಳಿದರು. ಕೈ, ಮೊಣಕೈ, ಮಂಡಿ ಊರಿದಷ್ಟೂ ಅಂಕ ಕಡಿತ. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಲೀಸಾಗಿ ಎದ್ದವರಿಗಿಂತ ತೀರ ಕಡಿಮೆ ಅಂಕದವರಲ್ಲಿ ಮುಂದಿನ ವರ್ಷಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಐದು ಪಟ್ಟಿಗೂ ಹೆಚ್ಚು. ನೆಲದಿಂದ ಏಳುವುದೇ ಆಯುಸ್ಸು ಕೊಡುತ್ತದೆಂದಲ್ಲ. ಕಾಲ ಬಲ, ಸಮತೋಲ, ಕೀಲುಗಳ ಸಡಿಲ, ಇವೆಲ್ಲ ಉಳಿದಿವೆಯೆಂಬುದಕ್ಕೆ ಅದು ಗುರುತು. ನಿತ್ಯವೂ ಗದ್ದುಗೆಯ ಮೇಲೆ ಪದ್ಮಾಸನ ಹಾಕಿ ಇಷ್ಟಲಿಂಗ ಪೂಜೆ ಮಾಡಿ ಏಳುವ ಹಿರಿಯರು ಈ ಪರೀಕ್ಷೆಯನ್ನು ಯಾರೂ ಹೇಳದೆಯೇ ದಿನಕ್ಕೆರಡು ಬಾರಿ ಬರೆಯುತ್ತಿದ್ದರು. ಈಗ ಎಷ್ಟು ಮನೆಗಳಲ್ಲಿ ಐವತ್ತೈದಕ್ಕೇ ಪೂಜೆಗೆ ಕುರ್ಚಿ ಬಂದಿದೆ! ಮಂಡಿ ಕೆಟ್ಟವರು ಕುರ್ಚಿಯಲ್ಲಿ ಕೂಡಲಿ, ಅಂಗೈಯ ಲಿಂಗಕ್ಕೆ ಅದರಿಂದ ಕೊರತೆಯಿಲ್ಲ. ಮಂಡಿ ನೆಟ್ಟಗಿದ್ದವರು ಕೂಡುವುದೇಕೆ?

ಮುಪ್ಪಿನ ಲಕ್ಷಣಗಳನ್ನು ಒಂದೊಂದಾಗಿ ಹೆಸರಿಸಿ, ಅವು ಬರುವ ಮುನ್ನವೇ ಪೂಜೆಗೆ ತೊಡಗೆಂದು ಬಸವಣ್ಣನವರು ಎಚ್ಚರಿಸಿದ ವಚನ ಮಕ್ಕಳಿಗೂ ಕಂಠಪಾಠ. ಅದನ್ನು ಹೇಳಿ, ‘ಮುಪ್ಪೆಂದರೆ ಇಷ್ಟೇ, ಶರಣರೇ ಹೇಳಿದ್ದಾರೆ’ ಎಂದು ಕೈಚೆಲ್ಲುವವರನ್ನು ಕಂಡಿದ್ದೇನೆ. ನನಗೆ ಅದು ಸರಿಯೆನಿಸದು. ನಾಳೆಗೆ ತಳ್ಳಬೇಡವೆಂಬುದು ಆ ವಚನದ ತಿರುಳು, ಮುಂದೆ ಸುಮ್ಮನೆ ಕೂಡು ಎಂಬುದಲ್ಲ. ಕಾಯಕಕ್ಕೆ ನಿವೃತ್ತಿಯ ವಯಸ್ಸನ್ನು ಶರಣರು ಎಲ್ಲಿಯೂ ಗೊತ್ತುಮಾಡಿಲ್ಲ. ಮುಪ್ಪಿನ ಬಗೆಗೆ ಮನಸ್ಸಿನಲ್ಲಿ ಏನನ್ನು ತುಂಬಿಕೊಂಡಿದ್ದೇವೆಂಬುದಕ್ಕೂ ಬೆಲೆಯಿದೆ. ಅಮೆರಿಕದ ಬೆಕ್ಕಾ ಲೆವಿ ಎಂಬ ವಿದ್ವಾಂಸೆ ಐವತ್ತು ದಾಟಿದ 660 ಜನರ ಉತ್ತರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದಂತೆ, ತಮ್ಮ ಮುಪ್ಪನ್ನು ಒಳ್ಳೆಯ ಭಾವದಿಂದ ಕಂಡವರು ಹೀನವಾಗಿ ಕಂಡವರಿಗಿಂತ ಸುಮಾರು ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ‘ಇನ್ನೇನು, ಕಾಡು ಬಾ ಅಂತದ, ಊರು ಹೋಗು ಅಂತದ’ ಎಂಬ ಮಾತನ್ನು ನಗೆಗಾಗಿ ಆಡುತ್ತೇವೆ. ಕೇಳುವ ದೇಹಕ್ಕೆ ಅದು ನಗೆಯಾಗಿ ಮುಟ್ಟುತ್ತದೋ ಇಲ್ಲವೋ.

ಮನೆಯ ಹಿರಿಯ ಹೆಣ್ಣುಮಕ್ಕಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅಜ್ಜ ಬೆಳಿಗ್ಗೆ ಅಡ್ಡಾಡಿ ಬಂದರೆ ಆರೋಗ್ಯ, ಅಜ್ಜಿ ಅಡ್ಡಾಡಿದರೆ ‘ಎಲ್ಲಿಗೆ ಹೋಗಿದ್ದೆವ್ವಾ?’ ಎಂಬ ಪ್ರಶ್ನೆ. 2022ರಲ್ಲಿ ಬೆಂಗಳೂರಿನ 62 ವರ್ಷದ ಗೃಹಿಣಿಯೊಬ್ಬರು ಕೇರಳದ ಅಗಸ್ತ್ಯಕೂಟದ ಬಂಡೆಯನ್ನು ಸೀರೆಯುಟ್ಟು ಹಗ್ಗ ಹಿಡಿದು ಏರಿದ ದೃಶ್ಯವನ್ನು ಅನೇಕರು ನೋಡಿರಬಹುದು. ಮದುವೆಯಾದ ಮೇಲೆ ನಲವತ್ತು ವರ್ಷ ಸಂಸಾರದಲ್ಲಿಯೇ ಮುಳುಗಿದ್ದವರು, ಮಗನೊಡನೆ ಬಂದು ಏರಿದರು. ಅಲ್ಲಿಯೂ ಮಗ! ಊಟದಲ್ಲಿಯೂ ಇದೇ ತಾರತಮ್ಯ. ಎಲ್ಲರೂ ಉಂಡ ಮೇಲೆ ಒಂದು ತುಣುಕು ರೊಟ್ಟಿ, ಚಟ್ನಿಯಲ್ಲಿ ಮುಗಿಸುವ ಅಜ್ಜಿಯ ಸ್ನಾಯು ಯಾವುದರಿಂದ ಬೆಳೆಯಬೇಕು? ಹೆಸರು, ಮಡಿಕೆ, ತೊಗರಿ, ಶೇಂಗಾ, ಹಾಲು, ಮೊಸರು ನಮ್ಮ ಸೀಮೆಗೆ ಪರಕೀಯವಲ್ಲ. ಅವು ಮೊದಲು ಅವಳ ತಾಟಿಗೆ ಬರಬೇಕು.

ಎಚ್ಚರದ ಮಾತನ್ನೂ ಹೇಳಬೇಕು. ಫೌಜಾ ಸಿಂಗ್ ಓಡಿದರೆಂದು ಮಂಡಿ ನೋವಿನ ತಂದೆಯನ್ನು ಓಡಿಸಲು ಹೋಗುವುದು ಅವಿವೇಕ. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕಂಡೇ ತೊಡಗಬೇಕು. ರಾಯಚೂರಿನ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ನಡೆಯುವುದು ತರುಣರಿಗೂ ತಕ್ಕುದಲ್ಲ. ಇನ್ನು, ಎಪ್ಪತ್ತಾದರೂ ಹೊಟ್ಟೆಪಾಡಿಗಾಗಿ ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುವ ಕೂಲಿಯ ತಾಯಿಗೆ ವ್ಯಾಯಾಮದ ಉಪದೇಶ ಮಾಡುವುದು ಕ್ರೂರವಾದೀತು. ಅವಳಿಗೆ ಬೇಕಾದದ್ದು ವಿಶ್ರಾಂತಿ, ಒಳ್ಳೆಯ ಊಟ, ಸಕಾಲದ ಪಿಂಚಣಿ. ಈ ಲೇಖನ ಕುರ್ಚಿ ಇರುವ ಮನೆಗಳವರಿಗೆ. ಅವರಿಗೂ ಮೊದಲ ವಾರಕ್ಕೆ ಮೈದಾನ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದು, ಬಾಗಿಲ ಚೌಕಟ್ಟು ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು, ಮಠದವರೆಗೆ ನಡೆದು ಬರುವುದು, ಇಷ್ಟು ಸಾಕು.

ವಿಶ್ವಸಂಸ್ಥೆ 1990ರಲ್ಲಿ ಅಕ್ಟೋಬರ್ 1ನ್ನು ಹಿರಿಯರ ದಿನವೆಂದು ಘೋಷಿಸಿತು. ಅದರ ಅಂಗವಾಗಿ ನಮ್ಮ ರಾಜ್ಯದ ಹಿರಿಯ ನಾಗರಿಕರ ಇಲಾಖೆ ಜಿಲ್ಲಾ ಕೇಂದ್ರಗಳಲ್ಲಿ ಅರವತ್ತು ದಾಟಿದವರಿಗಾಗಿ ಸ್ಪರ್ಧೆಗಳನ್ನು ಏರ್ಪಡಿಸುತ್ತದೆ. ವಯಸ್ಸಿಗೆ ತಕ್ಕಂತೆ ವಿಭಾಗ ಮಾಡಿ ನಡಿಗೆ, ಎಸೆತ, ಹಾಡು ಮೊದಲಾದವು. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಪ್ರಕಟಣೆ ಬರುತ್ತದೆ, ಹೆಸರು ನೋಂದಾಯಿಸುವ ಕೊನೆಯ ದಿನದೊಂದಿಗೆ. ಶ್ರೀಶೈಲದವರೆಗೆ ನಡೆದು ಹೋಗುವ ಅಜ್ಜ ಅಜ್ಜಿಯರಿಗೆ ಅದನ್ನು ಓದಿ ಹೇಳುವವರು, ಆಧಾರ್ ಕಾರ್ಡಿನ ಪ್ರತಿ ತೆಗೆಸುವವರು, ಬೆಳಗಿನ ಬಸ್ಸಿಗೆ ರಾಯಚೂರಿಗೆ ಕರೆದೊಯ್ಯುವವರು ಮನೆಯಲ್ಲಿ ಒಬ್ಬರಾದರೂ ಬೇಕು.